ಸ್ವರಭಂಗ ಚಿಕಿತ್ಸೆಯಲ್ಲಿ ಬಾಯಿಯ ಪಾತ್ರ: ಕುಂಬಳೆ ಸೀಮೆಯ ಆಧಾರದಲ್ಲಿ ಒಂದು ನೂತನ ಪ್ರಮೇಯ

ಸ್ವರ ಬಿದ್ದವರಿಗೆ ಕುಂಬಳೆ ಸೀಮೆಯನ್ನೊಳಗೊಂಡ ಕಾಸರಗೋಡಿನ ಮನೆಗಳಲ್ಲಿ ಸಿಗುವ ಮದ್ದುಗಳಿಗೆ ಲೆಕ್ಕವಿಲ್ಲ. ದವಡೆಯಲ್ಲಿ ಇಟ್ಟುಕೊಳ್ಳಲು ಒಳ್ಳೆಮೆಣಸು ಮತ್ತು ಕಲ್ಲುಸಕ್ಕರೆ, ನೆಕ್ಕಲು ಶುಂಠಿರಸ ಬೆರೆಸಿದ ಜೇನು, ಜಗಿಯಲು ಜೇಷ್ಠಮಧುವಿನ ತುಂಡು, ಕುಡಿಯಲು ಕೊತ್ತಂಬರಿ-ಜೀರಿಗೆಯ ಕಷಾಯ, ಮುಕ್ಕಳಿಸಲು ಉಪ್ಪುನೀರು, ಯಾವುದೂ ನಾಟದಿದ್ದರೆ ಕಂಬಳಿ ಹೊದ್ದು ಹಬೆ. ಖಾರ, ಸಿಹಿ, ಉಪ್ಪು ಎಂದು ಒಂದಕ್ಕೊಂದು ಆಗದ ಈ ವಸ್ತುಗಳೆಲ್ಲ ಒಂದೇ ವ್ಯಾಧಿಯನ್ನು ವಾಸಿಮಾಡುವುದು ಹೇಗೆಂದು ಪೂರ್ವಸೂರಿಗಳು ವಿಚಾರಿಸಿದಂತಿಲ್ಲ. ನಮ್ಮ ಪ್ರಮೇಯ ಇಷ್ಟೇ: ಈ ಮದ್ದುಗಳು ಗಂಟಲಲ್ಲಿ ಕೆಲಸ ಮಾಡುವುದೇ ಇಲ್ಲ, ಬಾಯಲ್ಲಿ ಮಾಡುತ್ತವೆ. ಮದ್ದು ಬಾಯಲ್ಲಿರುವಷ್ಟು ಹೊತ್ತು ರೋಗಿ ಮಾತಾಡುವಂತಿಲ್ಲ. ವಾಸಿಮಾಡುವುದು ಆ ಮೌನ. ಮೆಣಸಿಗೆ ಬರುವುದು ಕೀರ್ತಿ ಮಾತ್ರ.

ಮೊದಲು ಶಾರೀರಕ ಪ್ರಮಾಣ. ಧ್ವನಿತಂತುಗಳು ಇರುವುದು ಶ್ವಾಸನಾಳದ ಬಾಗಿಲಲ್ಲಿ. ಕಷಾಯ ಇಳಿಯುವುದು ಅದರ ಹಿಂದಿನ ಅನ್ನನಾಳದಲ್ಲಿ. ನುಂಗುವ ಕ್ಷಣದಲ್ಲಿ ಶ್ವಾಸದ ದಾರಿಗೆ ಮುಚ್ಚಳ ಬೀಳುತ್ತದೆ. ಅದನ್ನು ತಪ್ಪಿಸಿ ಒಂದು ಹನಿ ಒಳಗೆ ಹೋದರೆ ಮನೆಯವರು ಮದ್ದು ಹಿಡಿಯಿತು ಎನ್ನುವುದಿಲ್ಲ, ನೆತ್ತಿಗೆ ಹತ್ತಿತು ಎಂದು ತಲೆ ತಟ್ಟುತ್ತಾರೆ. ಮುಕ್ಕಳಿಸಿದ ಉಪ್ಪುನೀರಂತೂ ಅಷ್ಟು ದೂರ ಹೋಗುವುದೇ ಇಲ್ಲ. ಇತ್ತ ತಂತುಗಳ ದುಡಿಮೆಯೋ ಭಯಂಕರ: ಮಾತಾಡುವಾಗ ಅವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಉಸಿರು ತೆಗೆದುಕೊಳ್ಳುವ ಹೊತ್ತನ್ನೂ ಅಘೋಷ ವ್ಯಂಜನಗಳನ್ನೂ ಕಳೆದರೂ ಗಂಟೆಗೆ ಲಕ್ಷ ಮೀರುವ ಈ ಬಡಿತದಿಂದ ಬಾತುಕೊಂಡವಕ್ಕೆ ಬೇಕಾದದ್ದು ರಜೆ. ಸುಶ್ರುತನ ಉತ್ತರತಂತ್ರ ಸ್ವರಭೇದವನ್ನು ಆರು ಬಗೆಯಾಗಿ ವಿಂಗಡಿಸುವ ಮುನ್ನ ಕಾರಣಗಳ ಸಾಲಿನಲ್ಲಿ ಮೊದಲು ಹೆಸರಿಸುವುದು ಅತಿ ಗಟ್ಟಿಯಾಗಿ ಮಾತಾಡುವುದನ್ನೇ.

ಹಾಗಾದರೆ ನೇರವಾಗಿ 'ಸುಮ್ಮನಿರು' ಎಂದರೆ ಸಾಲದೆ, ಇಷ್ಟೊಂದು ಅರೆಯುವುದು ಕುದಿಸುವುದು ಯಾಕೆ ಎಂಬುದು ಮೊದಲ ಆಕ್ಷೇಪ. ಆಕ್ಷೇಪಕರಿಗೆ ಈ ಊರಿನ ಪರಿಚಯ ಸಾಲದು. ಇದು ಸಪ್ತಭಾಷಾ ಸಂಗಮ ಭೂಮಿ. ಕನ್ನಡದಲ್ಲಿ ಮೌನವ್ರತ ಹಿಡಿದವನಿಗೆ ತುಳು, ಮಲಯಾಳ, ಕೊಂಕಣಿಗಳ ಬಾಗಿಲು ತೆರೆದೇ ಇರುತ್ತದೆ. ಸುಪ್ರೀಂ ಕೋರ್ಟಿನಲ್ಲಿ 13 ನ್ಯಾಯಾಧೀಶರ ಮುಂದೆ 68 ದಿನ ವಾದ ನಡೆದು 1973ರಲ್ಲಿ ತೀರ್ಪಾದ ಮೊಕದ್ದಮೆ ಇಲ್ಲಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನದು; ಸ್ವಾಮಿಗಳಾದರೋ ಸ್ವತಃ ಯಕ್ಷಗಾನದ ಭಾಗವತಿಕೆ ಮಾಡುತ್ತಿದ್ದವರು. ಹರಿಕಥೆ, ಆಟ, ಕೂಟ (ಎಂದರೆ ತಾಳಮದ್ದಳೆ) ಮೂರನ್ನೂ ಒಂದೇ ಗಂಟಲಿನಲ್ಲಿ ನಡೆಸಿದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಲ್ಲಿಯವರು. ಯಕ್ಷಗಾನ ಕವಿ ಪಾರ್ತಿಸುಬ್ಬ ಇಲ್ಲಿಯವನೆಂಬುದು ಊರಿನ ನಂಬಿಕೆ, ಅವನು ಏನೇನು ಬರೆದನೆಂಬುದರ ಮೇಲೆ ವಿದ್ವಾಂಸರು ಸವೆಸಿದ ಗಂಟಲುಗಳ ಲೆಕ್ಕ ಬೇರೆ. ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿಯ ಕನ್ನಡಿಗರು ಕರ್ನಾಟಕಕ್ಕೆ ಸೇರಿಸಿ ಎಂಬ ಒಂದೇ ಮಾತನ್ನು ಹೇಳುತ್ತ ಬಂದಿದ್ದಾರೆ. ಆ ಗಂಟಲಿಗೆ ಮಹಾಜನ ಆಯೋಗ 1967ರಲ್ಲಿ ಚೀಟಿ ಬರೆದುಕೊಟ್ಟಿತು, ಮದ್ದು ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಇಂಥ ಜನರಿಗೆ ಸುಮ್ಮನಿರು ಎನ್ನುವುದು ಅಪಮಾನ. ಕಲ್ಲುಸಕ್ಕರೆ ಕೊಡುವುದು ಉಪಚಾರ. ಅಜ್ಜಿಯಂದಿರು ಎರಡನೆಯದನ್ನು ಆಯ್ದುಕೊಂಡರು. ಆಜ್ಞೆ ಹಾಕಿದರೆ ಇನ್ನೊಂದು ಹಾನಿಯೂ ಇದೆ: ಅದನ್ನು ಪಾಲಿಸುವವನು ಪಿಸುಗುಟ್ಟಲು ತೊಡಗುತ್ತಾನೆ, ಪಿಸುಮಾತು ತಂತುಗಳಿಗೆ ವಿಶ್ರಾಂತಿಯಲ್ಲ, ಎಷ್ಟೋ ಸಲ ಹೆಚ್ಚಿನ ದಣಿವು. ಬಾಯಲ್ಲಿ ಕಷಾಯವಿದ್ದರೆ ಆ ದಾರಿಯೂ ಬಂದ್.

ಎರಡನೆಯ ಆಕ್ಷೇಪ ಹಬೆಯದು. ಹಬೆ ಉಸಿರಿನೊಂದಿಗೆ ಹೋಗುವುದರಿಂದ ತಂತುಗಳನ್ನು ನಿಜವಾಗಿಯೂ ತಲುಪಿ ತೇವ ಮಾಡುತ್ತದೆ. ಒಪ್ಪೋಣ. ಆದರೆ ಕಂಬಳಿಯೊಳಗೆ ಕೂತವನ ಎದುರು ಕೇಳುವವರು ಯಾರೂ ಇಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಹಬೆಗೊಂದಕ್ಕೇ ಶ್ರೇಯಸ್ಸು ಕೊಡುವುದು ಶಾಸ್ತ್ರೀಯವಲ್ಲ. ಮೂರನೆಯದು ಗಟ್ಟಿ ಆಕ್ಷೇಪ: ಭಾಗವತರು ಕೂಟದ ನಡುವೆಯೇ ದವಡೆಗೆ ಕಲ್ಲುಸಕ್ಕರೆ ಹಾಕಿ ಬೆಳಗಿನ ತನಕ ಹಾಡುತ್ತಾರಲ್ಲ? ಇದು ಪ್ರಮೇಯವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ತಾಳಮದ್ದಳೆಯಲ್ಲಿ ಭಾಗವತರ ಪದ ಕೆಲವೇ ನಿಮಿಷ, ಅದರ ಮೇಲೆ ಅರ್ಥಧಾರಿ ಹೇಳುವ ಅರ್ಥ ಅರ್ಧ ಗಂಟೆಯೂ ಆದೀತು. ಅರ್ಥಧಾರಿಯ ವಾಚಾಳಿತನವೇ ಭಾಗವತರ ಸ್ವರಕ್ಕೆ ರಸಾಯನ. ಸಕ್ಕರೆ ಕರಗುವುದು ಆ ಹೊತ್ತಿನಲ್ಲಿ. ಚೆಂಡೆಯ ಎದುರು ದನಿ ತಾನಾಗಿ ಏರುವುದರಿಂದ ಅವರಿಗೆ ಆ ರಜೆ ಬೇಕೇ ಬೇಕು. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ಗಟ್ಟಿಯಾಗುತ್ತಾನೆಂದು ಫ್ರೆಂಚ್ ವೈದ್ಯ ಲೊಂಬಾರ್ 1911ರಲ್ಲಿ ಬರೆದ. ಚೆಂಡೆ ಕೇಳಿದ್ದರೆ ಇನ್ನೂ ಮೊದಲೇ ಬರೆಯುತ್ತಿದ್ದ. ಇನ್ನು ಎಲ್ಲ ಸ್ವರಭಂಗಕ್ಕೂ ಮೌನವೇ ಸಾಕೆ ಎಂದು ಕೇಳಿದರೆ, ಸಾಲದು. ಶೀತದಿಂದಲೋ ಕೂಗಾಟದಿಂದಲೋ ಹೋದ ಸ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮರಳುತ್ತದೆ. ನಾಲ್ಕು ವಾರ ಕಳೆದರೂ ಮರಳದಿದ್ದರೆ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಅದಕ್ಕೂ ಮೊದಲೇ, ಗಂಟಲಿನ ವೈದ್ಯರು ಕೊಳವೆ ಇಳಿಸಿ ನೋಡಬೇಕು. ಅಲ್ಲಿ ಪ್ರಮೇಯಕ್ಕೆ ಕೆಲಸವಿಲ್ಲ.

ಉಳಿದದ್ದು ಪ್ರಮಾಣದ ಪ್ರಶ್ನೆ. ಎಷ್ಟು ಕಾಳು, ಎಷ್ಟು ದೊಡ್ಡ ತುಂಡು ಎಂಬುದನ್ನು ಇದುವರೆಗೆ ರೋಗಿಯ ವಯಸ್ಸು ನೋಡಿ ನಿರ್ಧರಿಸುತ್ತಿದ್ದರು. ಹೊಸ ಪ್ರಮೇಯದಂತೆ ನೋಡಬೇಕಾದದ್ದು ಎದುರಿಗೆ ಕೂತವನನ್ನು. ಕೃಷ್ಣಸಂಧಾನ ಪ್ರಸಂಗದಲ್ಲಿ ಕೌರವನ ಸ್ವರ ಬಿದ್ದಿದ್ದರೆ, ಕೃಷ್ಣ ತನ್ನ ಮಾತು ಮುಗಿಸುವ ತನಕ ಕರಗದ ಕಲ್ಲುಸಕ್ಕರೆಯನ್ನೇ ಕೌರವನಿಗೆ ಕೊಡತಕ್ಕದ್ದು. ಅಷ್ಟು ದೊಡ್ಡ ತುಂಡು ಬದಿಯಡ್ಕದ ಪೇಟೆಯಲ್ಲಿ ಸಿಗದಿದ್ದರೆ ಸಂಘಟಕರು ಮುಂಚಿತವಾಗಿ ಮಂಗಳೂರಿನಿಂದ ತರಿಸಿಕೊಳ್ಳಬಹುದು.