ಅಕ್ಕಿ ಡಬ್ಬದ ನಿದ್ದೆ

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕಂತೆ. ನಮ್ಮ ಮನೆಯ ದ್ವಿತೀಯ ಪಿಯುಸಿಗೆ ಸಿಗುತ್ತಿದ್ದದ್ದು 5. ಇದಕ್ಕೆಲ್ಲ ಮೊಬೈಲೇ ಕಾರಣವೆಂದು ಮಧ್ಯರಾತ್ರಿಯವರೆಗೂ ಮೊಬೈಲಿನಲ್ಲೇ ಓದಿ ತಿಳಿದುಕೊಂಡ ನಾನು, ಮರುದಿನ ಕಾನೂನು ಹೊರಡಿಸಿದೆ: ರಾತ್ರಿ ಹತ್ತಾದರೆ ಎಲ್ಲರ ಮೊಬೈಲೂ ಅಕ್ಕಿ ಡಬ್ಬದೊಳಕ್ಕೆ. 'ಎಲ್ಲರ' ಎಂಬ ಮಾತನ್ನು ಮಗ ನನ್ನಿಂದ ಎರಡು ಸಲ ಹೇಳಿಸಿದ.

ಮೂರು ದಿನ ಸುಸೂತ್ರ.

ನಾಲ್ಕನೆಯ ರಾತ್ರಿ ಹನ್ನೆರಡೂವರೆಗೆ ಎದ್ದೆ. ನೀರು ಕುಡಿಯಲು, ಎಂದು ನನಗೆ ನಾನೇ ಹೇಳಿಕೊಂಡೆ. ಕತ್ತಲಲ್ಲಿ ತಡಕಿದರೆ ಡಬ್ಬದ ಮುಚ್ಚಳ ತೆಗೆದೇ ಇತ್ತು. ನನ್ನವಳ ಮರೆವು ಎಂದುಕೊಂಡು ಕೈ ಇಳಿಸಿದೆ. ಸೋನಾ ಮಸೂರಿ ತಣ್ಣಗೆ ಮೊಣಕೈವರೆಗೆ ಏರಿತು. ಬೆರಳಿಗೆ ಏನೋ ತಾಗಿತು. ಮೆತ್ತಗಿತ್ತು. ಬೆಚ್ಚಗೂ ಇತ್ತು. ಇಲಿ! ಇಲಿ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಇಲಿಗಳು ಹೀಗೆ ಹಸ್ತಲಾಘವ ಕೊಡುವುದಿಲ್ಲವಲ್ಲ ಎಂದು ಹೊಳೆಯುವಷ್ಟರಲ್ಲಿ ಡಬ್ಬದಾಚೆಯಿಂದ, "ಅಪ್ಪಾ?"

ಇಬ್ಬರೂ ಕೈ ತೆಗೆಯಲಿಲ್ಲ. ತೆಗೆದರೆ ಅಕ್ಕಿ ಸದ್ದು ಮಾಡುತ್ತದೆ.

"ನೀರು ಕುಡಿಯೋಕೆ ಬಂದೆ" ಅಂದೆ.

"ನಾನೂ" ಅಂದ.

ಲೈಟು ಹತ್ತಿತು. ಬಾಗಿಲಲ್ಲಿ ಇವಳು. "ಇಬ್ರೂ ಕೈ ತೊಳ್ಕೊಂಡಿದ್ದೀರಾ?" ಅಷ್ಟೇ ಕೇಳಿದ್ದು.

ಆಮೇಲೆ ಮಗ ಮೆಲ್ಲಗೆ ಹೇಳಿದ: "ಅಲಾರಂ ಇಡೋದು ಮರ್ತಿದ್ದೆ ಅಪ್ಪ. ನಾಲ್ಕೂವರೆಗೆ ಏಳ್ಬೇಕಲ್ಲ." ನಾನು ಹುಡುಕುತ್ತಿದ್ದದ್ದು ಕ್ರಿಕೆಟ್ ಸ್ಕೋರು.

ಕೋಚಿಂಗ್ ಶುರುವಾಗುವುದು ಐದೂವರೆಗೆ. ನಿದ್ದೆ ತರಿಸುವ ಮೆಲಟೋನಿನ್ ಆ ವಯಸ್ಸಿನವರಿಗೆ ಒಂದೆರಡು ಗಂಟೆ ತಡವಾಗಿ ಸುರಿಯುತ್ತದೆ, ಹತ್ತಕ್ಕೆ ಮಲಗು ಎಂದು ಗದರಿದರೆ ಬರುವಂಥದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಬಹುತೇಕ ಹೈಸ್ಕೂಲುಗಳು ಎಂಟೂವರೆಗಿಂತ ಮೊದಲು ಪಾಠ ಶುರು ಮಾಡುವಂತಿಲ್ಲ. ಇಷ್ಟನ್ನೂ ಕೋಚಿಂಗಿನವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಲ್ಲಿಯವ್ರು ನೀಟ್ ಬರೀತಾರಾ ಸಾರ್?" ಎಂದರು. ಮಕ್ಕಳನ್ನು ಕೋಳಿಗಿಂತ ಮೊದಲು ಎಬ್ಬಿಸುವುದಕ್ಕೆ ಫೀಸು ತೆಗೆದುಕೊಳ್ಳುವವರ ಹತ್ತಿರ ಇನ್ನೇನು ವಾದ? ಕಟ್ಟಿದವನೂ ನಾನೇ. ಎರಡು ಕಂತಿನಲ್ಲಿ.

ಈಗ ಅಲಾರಂಗೆಂದು ಬೇರೆ ಗಡಿಯಾರ ಬಂದಿದೆ. ಬೆಳಗಿನ ಜಾವ ಸ್ಕೂಟರಿನ ಹಿಂದೆ ಕೂತವನ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್, ಟಕ್ ಎಂದು ಬಡಿಯುತ್ತದೆ. ಮೊದಲೆಲ್ಲ "ನೆಟ್ಟಗೆ ಕೂತ್ಕೊಳೋ" ಎನ್ನುತ್ತಿದ್ದೆ. ಈಗ ಹಂಪುಗಳನ್ನು ಮೆಲ್ಲಗೆ ದಾಟಿಸಿ, ಕೋಚಿಂಗಿನ ಗೇಟು ಬಂದರೂ ನಿಲ್ಲಿಸದೆ ಇನ್ನೊಂದು ಸುತ್ತು ಹಾಕುತ್ತೇನೆ.

"ಅಪ್ಪ, ಗೇಟು ಆಗ್ಲೇ ಹೋಯ್ತು."

"ಹೌದಾ? ನಿದ್ದೆಗಣ್ಣು ಕಣೋ, ಕಾಣ್ಲಿಲ್ಲ."