ಅಥೆನ್ಸಿನಲ್ಲಿ ಬಟ್ಟೆ ಮಡಿಸಿದವರು

ಓದಿಕೊಂಡು ಪ್ರವಾಸಕ್ಕೆ ಹೊರಡುವ ಗಂಡನಿಗಿಂತ ಭಾರದ ಲಗೇಜು ಇನ್ನೊಂದಿಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಸೂಟ್‌ಕೇಸನ್ನಾದರೆ ತೂಕ ಹಾಕಿ, ಹೆಚ್ಚಾದದ್ದನ್ನು ವಿಮಾನ ನಿಲ್ದಾಣದಲ್ಲೇ ತೆಗೆದಿಡಬಹುದು. ಗ್ರೀಸಿಗೆ ಹೊರಡುವುದು ಖಚಿತವಾದಾಗಿನಿಂದ ನಾನು ಮನೆಯಲ್ಲಿ ಅಕ್ರೊಪೊಲಿಸ್ ಬಿಟ್ಟು ಬೇರೆ ಸುದ್ದಿ ಎತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಡೋರಿಕ್ ಕಂಬದ ಮೈಮೇಲಿನ ಗೀರುಗಳು ಹೇಗಿರುತ್ತವೆ ಎಂಬುದನ್ನು ಒಂದು ನುಗ್ಗೆಕಾಯಿ ಹಿಡಿದು ವಿವರಿಸುತ್ತಿದ್ದೆ. “ವಿವರಿಸಿ ಆದ್ಮೇಲೆ ಈ ಕಡೆ ಕೊಡಿ, ಸಾಂಬಾರಿಗೆ ಹಾಕ್ಬೇಕು” ಎಂದಳು.

ನಾವು ಸೇರಿಕೊಂಡದ್ದು ಅಡುಗೆಯವರನ್ನೂ ಜೊತೆಗೆ ಕರೆದೊಯ್ಯುವ ಬೆಂಗಳೂರಿನ ಒಂದು ತಂಡ. ಹೆಂಡತಿಯ ಅಕ್ಕ, ಅಂದರೆ ನನ್ನ ಅತ್ತಿಗೆ, ಮತ್ತು ನನ್ನ ಷಡ್ಡಕರೂ ಬಂದಿದ್ದರು. ಷಡ್ಡಕರು ಬ್ಯಾಂಕಿನಿಂದ ನಿವೃತ್ತರು. ಸೇವಾವಧಿಯ ಬಹುಭಾಗವನ್ನು ಚಿನ್ನದ ಸಾಲದ ವಿಭಾಗದಲ್ಲಿ, ತಕ್ಕಡಿಯ ಮುಂದೆ ಕಳೆದವರು. ಪ್ರಪಂಚದ ಎಂಥ ಸೌಂದರ್ಯ ಎದುರಿಗೆ ಬಂದರೂ ಅವರ ಮೊದಲ ಪ್ರಶ್ನೆ “ಗ್ರಾಮಿಗೆಷ್ಟು?” ಎಂಬುದೇ.

ಗ್ರೀಸಿನಲ್ಲಿ ಗೈಡ್ ಆಗುವುದು ಹುಡುಗಾಟವಲ್ಲ. ಅದಕ್ಕೆ ಓದಬೇಕು, ಸರ್ಕಾರದ ಪರವಾನಗಿ ಪಡೆಯಬೇಕು, ಆ ಪರವಾನಗಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ತಿರುಗಬೇಕು. ನಮಗೆ ಸಿಕ್ಕ ಗೈಡಮ್ಮ ಬಿಳಿಗೂದಲಿನ, ಗಟ್ಟಿ ಮಂಡಿಯ, ಒಳ್ಳೆಯ ಇಂಗ್ಲಿಷಿನ ಹೆಂಗಸು. ನನಗೆ ಪರವಾನಗಿ ಇರಲಿಲ್ಲ, ಉತ್ಸಾಹ ಇತ್ತು. ಆಕೆ ಬಾಯಿ ತೆರೆಯುವುದಕ್ಕೆ ಅರೆಗಳಿಗೆ ಮೊದಲೇ ಇಸವಿ ಹೇಳಿಬಿಡುವುದು ನನ್ನ ಪದ್ಧತಿಯಾಯಿತು. ಎರಡು ಮೂರು ಸಲ ಸಹಿಸಿಕೊಂಡ ಆಕೆ ನಮ್ಮೆಲ್ಲರಿಗೂ ಒಂದೊಂದು ಇಯರ್‌ಫೋನು ಹಂಚಿದಳು. ಮೈಕು ಆಕೆಯ ಕೈಲಿ, ಕಿವಿ ನಮ್ಮದು. ನನ್ನ ಹೆಂಡತಿ ಅದನ್ನು ಸಿಕ್ಕಿಸಿಕೊಳ್ಳುತ್ತ, ಇಂಥದ್ದೊಂದು ಉಪಕರಣ ಮನೆಗೂ ಸಿಗುತ್ತದೆಯೇ ಎಂದು ವಿಚಾರಿಸಿದಳು.

ಅಕ್ರೊಪೊಲಿಸ್ ಬೆಟ್ಟದ ಮೇಲಿನ ಹೆಬ್ಬಾಗಿಲು ಪ್ರೊಪಿಲೇಯ. ಕ್ರಿ.ಪೂ. 437ರಲ್ಲಿ ಶುರುವಾದ ಕೆಲಸ 432ರಲ್ಲಿ, ಸ್ಪಾರ್ಟಾದ ಜೊತೆಗಿನ ಯುದ್ಧ ತಲೆಯ ಮೇಲೆ ಬಂದಾಗ ನಿಂತುಹೋಯಿತು. ಕಲ್ಲನ್ನು ಎತ್ತಿ ಕೂರಿಸಲು ಹಗ್ಗ ಸಿಕ್ಕಿಸುವುದಕ್ಕೆಂದು ಬಿಟ್ಟ ಗುಬುಟುಗಳನ್ನು ಕೆತ್ತಿ ತೆಗೆಯಲೂ ಪುರುಸೊತ್ತಾಗದೆ, ಅವು ಇವತ್ತಿಗೂ ಗೋಡೆಯಲ್ಲಿ ಹಾಗೇ ಉಳಿದಿವೆ. “ನಮ್ಮ ಮನೆ ಕಟ್ಟಿದವನು ಯಾವ ಯುದ್ಧವೂ ಇಲ್ಲದೇ ಹೀಗೇ ಬಿಟ್ಟುಹೋದ” ಎಂದು ಅತ್ತಿಗೆ ನಿಟ್ಟುಸಿರಿಟ್ಟರು.

ಇಲ್ಲಿನ ಅಮೃತಶಿಲೆ ಲಕ್ಷಾಂತರ ಕಾಲುಗಳು ಸವೆಸಿ ಎಣ್ಣೆ ಸವರಿದಂತಾಗಿದೆ. ಕಲ್ಲು ಹಾಳಾಗದಿರಲಿ ಎಂದು 2009ರಲ್ಲೇ ಹೈಹೀಲ್ಸ್ ನಿಷೇಧಿಸಿದ್ದಾರೆ. ಈ ಸಂಗತಿಯನ್ನು ಬೆಂಗಳೂರಿನಲ್ಲೇ ತಿಳಿದುಕೊಂಡು ತಂಡದ ಹೆಂಗಸರಿಗೆಲ್ಲ ಎಚ್ಚರಿಕೆ ಕೊಟ್ಟವನು ನಾನೇ. ಅವರೆಲ್ಲ ಸೀರೆ, ಚೂಡಿದಾರಗಳ ಕೆಳಗೆ ಓಟದ ಬೂಟು ಹಾಕಿಕೊಂಡು ಬಂದಿದ್ದರು. ನಾನು ಮಾತ್ರ, ಇಷ್ಟು ಗೌರವಾನ್ವಿತ ಜಾಗಕ್ಕೆ ಹೋಗುವಾಗ ಹೇಗೆಂದರೆ ಹಾಗೆ ಹೋಗಬಾರದೆಂದು, ಮಗನ ಮದುವೆಯಲ್ಲಿ ಹೊಲಿಸಿದ ಚರ್ಮದ ಅಡಿಯ ಬೂಟು ಹಾಕಿದ್ದೆ. ಪ್ರೊಪಿಲೇಯದ ಮೆಟ್ಟಿಲ ಮೇಲೆ ಕೈ ಎತ್ತಿ “ಪೆರಿಕ್ಲಿಸ್...” ಎಂದೆ. ಮುಂದಿನ ಮಾತನ್ನು ಎರಡು ಮೆಟ್ಟಿಲು ಕೆಳಗೆ, ಕೂತ ಭಂಗಿಯಲ್ಲಿ ಮುಗಿಸಿದೆ. ಒಬ್ಬ ಜಪಾನಿ ಅಜ್ಜ ಎಬ್ಬಿಸಿ ನಿಲ್ಲಿಸಿ, ನನಗಿಂತ ಮೊದಲೇ ಬಾಗಿ ನಮಸ್ಕರಿಸಿ ಹೋದ.

ಪಾರ್ಥೆನಾನ್ ಎದುರಿಗೆ ಬಂದಾಗ ನಿಜಕ್ಕೂ ಬಾಯಿ ಕಟ್ಟಿತು. ಕ್ರಿ.ಪೂ. 447ರಲ್ಲಿ ಶುರು, 432ರ ಹೊತ್ತಿಗೆ ಮುಕ್ತಾಯ. ಇಕ್ಟಿನಸ್, ಕ್ಯಾಲಿಕ್ರಟಿಸ್ ಎಂಬ ಸ್ಥಪತಿಗಳು, ಶಿಲ್ಪಕ್ಕೆ ಫೀಡಿಯಸ್. ಮುಂದೆ ಚರ್ಚ್ ಆಗಿ, ಮಸೀದಿಯಾಗಿ, ತುರ್ಕರ ಮದ್ದಿನ ಮನೆಯಾಗಿ, 1687ರಲ್ಲಿ ವೆನಿಸ್ಸಿನ ಫಿರಂಗಿ ಗುಂಡು ಬಿದ್ದು ಸಿಡಿಯುವತನಕ ಹೆಚ್ಚುಕಡಿಮೆ ಗಟ್ಟಿಯಾಗೇ ನಿಂತಿತ್ತು. ಇಷ್ಟನ್ನು ಗೈಡಮ್ಮ ಹೇಳಿದಳು. ನನ್ನ ಹತ್ತಿರ ಇನ್ನೊಂದು ಬಾಣವಿತ್ತು. ಈ ಕಟ್ಟಡದಲ್ಲಿ ನೇರವಾದ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಕಂಬಗಳೆಲ್ಲ ಒಳಕ್ಕೆ ಒಂದಿಷ್ಟು ವಾಲಿವೆ. ನೆಲಗಟ್ಟು ಉದ್ದದ ಬದಿಯ ನಡುವೆ ಸುಮಾರು 11 ಸೆಂಟಿಮೀಟರ್, ಅಗಲದ ಬದಿಯಲ್ಲಿ ಸುಮಾರು 6 ಸೆಂಟಿಮೀಟರ್ ಉಬ್ಬಿದೆ. ಮೂಲೆಯಲ್ಲಿ ಬಗ್ಗಿ, ಮೆಟ್ಟಿಲ ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿದರೆ ಆ ಉಬ್ಬು ಕಾಣುತ್ತದೆ. “ಹೀಗೆ ಬಗ್ಗಿ ನೋಡಬೇಕು” ಎಂದು ಬಗ್ಗಿದೆ. ಉಬ್ಬು ಕಂಡಿತು. ಏಳಲು ಆಗಲಿಲ್ಲ. ಮೆಟ್ಟಿಲ ಮೇಲೆ ಬಿದ್ದ ಪೆಟ್ಟು ಈಗ ಸೊಂಟವನ್ನು ಹಿಡಿದುಕೊಂಡಿತ್ತು. ತಂಡದ ಅರ್ಧದಷ್ಟು ಜನ ನಾನು ಇನ್ನೂ ವಿವರಿಸುತ್ತಿದ್ದೇನೆಂದು ತಿಳಿದು ಪಕ್ಕದಲ್ಲೇ ಬಗ್ಗಿ ನಿಂತರು.

“ನೆಟ್ಟಗೆ ನಿಲ್ಲೋಕಾಗ್ತಿಲ್ಲ ಕಣೇ” ಎಂದು ಹೆಂಡತಿಗೆ ಪಿಸುಗುಟ್ಟಿದೆ.

“ಇಲ್ಲಿ ನೆಟ್ಟಗಿರೋದು ಯಾವುದೂ ಇಲ್ಲ ಅಂತ ಈಗ ತಾನೇ ಹೇಳಿದ್ರಲ್ಲ. ಹೊಂದ್ಕೊಳ್ಳಿ.”

ಅಲ್ಲಿಂದ ಮುಂದಿನ ಪ್ರವಾಸವನ್ನೆಲ್ಲ ನಾನು ನಲವತ್ತೈದು ಡಿಗ್ರಿಯ ಕೋನದಲ್ಲಿ ಮಾಡಿದೆ. ಈ ಕೋನದಲ್ಲಿ ಮನುಷ್ಯನಿಗೆ ನೆಲ ಚೆನ್ನಾಗಿ ಕಾಣುತ್ತದೆ, ಭಾಷಣದ ಉಮೇದು ಇಳಿಯುತ್ತದೆ. ಜಾಗ ಖಾಲಿಯಾಯಿತೆಂದು ಉಳಿದವರು ಬಾಯಿ ಬಿಚ್ಚಿದರು.

ಷಡ್ಡಕರಿಂದಲೇ ಶುರುವಾಯಿತು. ಪಾರ್ಥೆನಾನಿನೊಳಗೆ ಫೀಡಿಯಸ್ ಮಾಡಿ ನಿಲ್ಲಿಸಿದ್ದ ಅಥೀನಾ ದೇವಿಯ ಮೂರ್ತಿಗೆ ಮೈ ದಂತದ್ದು, ಉಡುಗೆ ಚಿನ್ನದ್ದು. ಆ ಚಿನ್ನ ಸುಮಾರು 40 ಟ್ಯಾಲೆಂಟ್. ಒಂದು ಟ್ಯಾಲೆಂಟಿಗೆ ಸುಮಾರು 26 ಕೆಜಿ ಎಂದು ಗೈಡಮ್ಮ ಹೇಳುತ್ತಿದ್ದಂತೆ ಷಡ್ಡಕರ ತುಟಿಗಳು ಅಲುಗತೊಡಗಿದವು. ಒಂದು ಟನ್ನು! ಅದೂ ಬೇಕೆಂದಾಗ ಕಳಚಿ ತೂಗಬಹುದಾದ ಹಾಗೆ ತೊಡಿಸಿದ್ದು. ಯುದ್ಧ ಹತ್ತಿರ ಬಂದಾಗ ಅಥೆನ್ಸಿನ ನಾಯಕ ಪೆರಿಕ್ಲಿಸ್ ಊರಿನ ಆಸ್ತಿಯ ಲೆಕ್ಕ ಹೇಳುತ್ತ, ತೀರ ಕಷ್ಟ ಬಂದರೆ ದೇವಿಯ ಮೈಮೇಲಿನದ್ದನ್ನೂ ಬಳಸಬಹುದು, ಆದರೆ ಅಷ್ಟೇ ತೂಕದ್ದನ್ನು ವಾಪಸು ಇಡಬೇಕು ಎಂದನೆಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ.

ಷಡ್ಡಕರು ಟೋಪಿ ತೆಗೆದರು. “ಇದಪ್ಪಾ ಗೋಲ್ಡ್ ಲೋನು! ಅಡ ಇಟ್ಟವರು ಯಾರು, ಜಾಮೀನು ಯಾರು, ಎಲ್ಲಾ ಸ್ಪಷ್ಟ!” ಮುಂದೊಂದು ಕಾಲಕ್ಕೆ ಲಾಖರೀಸ್ ಎಂಬ ನಿರಂಕುಶ ಆಡಳಿತಗಾರ ಆ ಚಿನ್ನವನ್ನು ಕಿತ್ತುಕೊಂಡ ಎಂದು ಗೈಡಮ್ಮ ಹೇಳಿದಾಗ ಮಾತ್ರ ಅವರ ಮುಖ ಬಾಡಿತು. “ಎನ್‌ಪಿಎ” ಎಂದರು, ಸಂತಾಪ ಸೂಚಿಸುವ ಧ್ವನಿಯಲ್ಲಿ.

ಎರೆಕ್ಥಿಯಾನ್ ಗುಡಿಯ ಹತ್ತಿರ ಆಲಿವ್ ಗಿಡವೊಂದಿದೆ. ಈಗಿರುವುದು ಈಚೆಗೆ ನೆಟ್ಟದ್ದಾದರೂ ಅದರ ಕಥೆ ಹಳೆಯದು. ಈ ಊರು ಯಾರದೆಂದು ಅಥೀನಾಗೂ ಅವಳ ದೊಡ್ಡಪ್ಪ, ಸಮುದ್ರದ ದೇವರು ಪೊಸೈಡನ್‌ಗೂ ಜಗಳ. ಅವನು ತ್ರಿಶೂಲದಿಂದ ಬಂಡೆಗೆ ಚುಚ್ಚಿ ಉಪ್ಪುನೀರು ಬರಿಸಿದ, ಅವಳು ಆಲಿವ್ ಗಿಡ ಹುಟ್ಟಿಸಿದಳು. ರೋಮಿನ ಪಂಡಿತ ವಾರ್ರೋ ಹೇಳಿದ ಕಥೆಯ ಪ್ರಕಾರ ಇದು ಓಟಿಗೆ ಬಂತು. ಆಗ ಹೆಂಗಸರಿಗೂ ಓಟಿತ್ತಂತೆ. ಗಂಡಸರೆಲ್ಲ ಪೊಸೈಡನ್‌ಗೆ, ಹೆಂಗಸರೆಲ್ಲ ಅಥೀನಾಗೆ ಹಾಕಿದರು. ಹೆಂಗಸರ ಸಂಖ್ಯೆ ಒಂದು ಹೆಚ್ಚಿತ್ತು, ಅಥೀನಾ ಗೆದ್ದಳು. ಸಿಟ್ಟಿನಲ್ಲಿ ಪೊಸೈಡನ್ ಊರಿಗೆ ನೀರು ನುಗ್ಗಿಸಿದ. ಅವನನ್ನು ಸಮಾಧಾನ ಮಾಡಲು ಗಂಡಸರು ಹೆಂಗಸರ ಓಟಿನ ಹಕ್ಕನ್ನೇ ಕಿತ್ತುಹಾಕಿದರು.

“ಅಂದ್ರೆ, ಉಪ್ಪುನೀರು ಕೊಟ್ಟೋನಿಗೆ ಗಂಡಸರೆಲ್ಲ ಓಟು ಹಾಕಿದ್ರು?” ಹೆಂಡತಿ ಕೇಳಿದಳು.

“ಸಮುದ್ರ, ನೌಕಾಬಲ... ಅದರ ಹಿಂದೆ ಒಂದು ರಾಜಕೀಯ...” ನಾನು ನೆಲ ನೋಡುತ್ತ ಶುರು ಮಾಡಿದೆ.

“ಕುಡಿಯೋ ನೀರು ತರೋ ಕೆಲಸ ಅವರದ್ದಾಗಿರಲಿಲ್ಲ ಬಿಡಿ” ಎಂದಳು. ಗೈಡಮ್ಮ ತನ್ನ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅವಳ ಕೈ ಕುಲುಕಿದಳು. ಆಮೇಲೆ ಅವರಿಬ್ಬರೂ ಮುಂದೆ, ನಾವೆಲ್ಲ ಹಿಂದೆ.

ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ರಂಗಮಂದಿರ. ಇಲ್ಲಿ ನನ್ನ ಸೊಂಟವೂ ಒಂದಿಷ್ಟು ಎದ್ದಿತು. ಕ್ರಿ.ಪೂ. 472ರಲ್ಲಿ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕ ಆಡಿದ್ದು ಅಥೆನ್ಸಿನ ಡಯೊನೈಸಸ್ ಉತ್ಸವದಲ್ಲಿ. ಖರ್ಚು ಹಾಕಿದವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲಿಸ್. ಅದೇ ನಮ್ಮ ಬಿ.ಎಂ.ಶ್ರೀ. ಅವರ ‘ಪಾರಸಿಕರು’. ಸೊಫೊಕ್ಲಿಸ್‌ನ ‘ಅಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಕಾಲೇಜಿನಲ್ಲಿ ಆ ನಾಟಕದ ಮೇಳದಲ್ಲಿ, ಹಿಂದಿನ ಸಾಲಿನ ತುದಿಯಲ್ಲಿ ನಿಂತು ಗೋಳಾಡಿದ ಅನುಭವ ನನ್ನದು. ಗೈಡಮ್ಮ ಮೊದಲ ಬಾರಿಗೆ ನನ್ನತ್ತ ಆಸಕ್ತಿಯಿಂದ ತಿರುಗಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಕನ್ನಡಿಗನೊಬ್ಬ ಗ್ರೀಕರ ಎದುರು ನಿಂತ ಮೇಲೆ ಆಕ್ಸಿರಿಂಕಸ್ ಪಪೈರಸ್ಸನ್ನು ಹೊರತೆಗೆಯದೆ ಇರಲಾರ.

ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ನಡೆಯುವ ಕಥೆ. ಅದರಲ್ಲಿನ ಸ್ಥಳೀಯರ ಮಾತು ಕನ್ನಡವೇ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಹೇಳಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬಿಡಿಸಲು ಕೂತರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅವರ ವಿಷಯ ಆಗ ಏಕೋ ನನ್ನ ನೆನಪಿಗೆ ಬರಲಿಲ್ಲ. ಎದೆಯುಬ್ಬಿಸಿ, ಸೊಂಟ ಒಪ್ಪುವಷ್ಟರ ಮಟ್ಟಿಗೆ, ಎಲ್ಲ ಹೇಳಿದೆ.

“ಓಹೋ, ಖಾರಿಷನ್!” ಎಂದಳು ಗೈಡಮ್ಮ. ಆಕೆಗೆ ಗೊತ್ತಿತ್ತು. ಅದೇ ತೊಂದರೆಯಾಯಿತು.

“ಅದ್ರಲ್ಲಿ ನಮ್ಮೋರು ಏನು ಮಾಡ್ತಾರೆ?” ಅತ್ತಿಗೆಯ ಪ್ರಶ್ನೆ.

ಸೆರೆಯಲ್ಲಿದ್ದ ಖಾರಿಷನ್ ಎಂಬ ಗ್ರೀಕ್ ಹೆಣ್ಣೊಬ್ಬಳನ್ನು ಬಿಡಿಸಿಕೊಂಡು ಹೋಗಲು ಅವಳ ಸೋದರನೂ ಅವನ ಕಡೆಯವರೂ ಬರುತ್ತಾರೆ. ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿಯೇ ಕುಡಿಯುವವರು. ಇಲ್ಲಿನ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ್ದನ್ನು ಕುಡಿಸುತ್ತಾರೆ. ನಮ್ಮವರು ಎನ್ನಲಾದವರು ಕುಡಿದು, ಕುಣಿದು, ಮೈಮರೆಯುತ್ತಾರೆ. ಹಡಗು ಹೊರಟುಹೋಗುತ್ತದೆ. ಇಷ್ಟನ್ನು ಗೈಡಮ್ಮ ಮರ್ಯಾದೆಯಿಂದಲೇ ಹೇಳಿದಳು. ನಾಟಕದ ವಿದೂಷಕ ಶತ್ರುಗಳನ್ನು ಓಡಿಸಲು ಪ್ರಯೋಗಿಸುವ ಅಸ್ತ್ರ ಅಪಾನವಾಯು ಎಂಬುದನ್ನೂ ಮೈಕಿನಲ್ಲೇ ಹೇಳಿದ್ದರಿಂದ, ಅದು ಕ್ಷಣಮಾತ್ರದಲ್ಲಿ ತಂಡದ ಅಷ್ಟೂ ಕಿವಿಗಳನ್ನು ಮುಟ್ಟಿತು. ವಿಶ್ವಸಾಹಿತ್ಯದಲ್ಲಿ ಕನ್ನಡದ ಸ್ಥಾನದ ಬಗ್ಗೆ ಬಸ್ಸಿನಲ್ಲಿ ನಾನು ಮಾಡಬೇಕೆಂದಿದ್ದ ಭಾಷಣ ಹೀಗೆ ರದ್ದಾಯಿತು.

ಬೆಟ್ಟದ ಬುಡದಲ್ಲಿರುವ ಮ್ಯೂಸಿಯಂ 2009ರಲ್ಲಿ ತೆರೆದದ್ದು. ಅಡಿಪಾಯಕ್ಕೆ ಅಗೆದಾಗ ಒಂದು ಹಳೆಯ ಬಡಾವಣೆಯೇ ಸಿಕ್ಕಿತು. ಅದನ್ನು ಹಾಗೇ ಉಳಿಸಿಕೊಂಡು, ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ, ನೆಲಕ್ಕೆ ಅಲ್ಲಲ್ಲಿ ಗಾಜು ಹಾಸಿದ್ದಾರೆ. ಕೆಳಗೆ ಕೋಣೆಗಳು, ಬಾವಿಗಳು, ಚರಂಡಿಗಳು. ನಾನು ಗಾಜು ಇಲ್ಲದ ಕಡೆ ಹುಡುಕಿ, ಗೋಡೆ ಸವರಿಕೊಂಡು, ಇನ್ನಷ್ಟು ಬಾಗಿ ನಡೆದೆ. ಹೆಂಡತಿ ಗಾಜಿನ ನಟ್ಟನಡುವೆ ನಿಂತು ಬಚ್ಚಲ ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ಅಕ್ಕನಿಗೆ ತೋರಿಸುತ್ತಿದ್ದಳು.

ಎರೆಕ್ಥಿಯಾನಿನ ಚಾವಣಿ ಹೊತ್ತ ಹೆಣ್ಣುಗಳಲ್ಲಿ ಐವರು ಇಲ್ಲಿದ್ದಾರೆ, ಬೆಟ್ಟದ ಮೇಲಿರುವುದು ನಕಲು. ಆರನೆಯವಳು ಲಂಡನ್ನಿನಲ್ಲಿ, ಅವಳನ್ನು ಕಿತ್ತು ಸಾಗಿಸಿದ ಲಾರ್ಡ್ ಎಲ್ಗಿನ್ ಕೃಪೆ. ಅವಳಿಗೆಂದು ಇಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ. ನಾನು ಅವರ ಮುಖ ನೋಡಲು ಕತ್ತೆತ್ತುವ ಸಾಹಸದಲ್ಲಿದ್ದಾಗ, ಅಕ್ಕತಂಗಿಯರು ಸುತ್ತಿ ಬಂದು ಹಿಂದೆ ನಿಂತು ಜಡೆ ಪರೀಕ್ಷಿಸಿದರು. ಒಬ್ಬೊಬ್ಬಳ ಹೆಣಿಗೆ ಒಂದೊಂದು ರೀತಿ. ಆ ದಪ್ಪ ಜಡೆಯೇ ಕತ್ತಿಗೆ ಆಸರೆ, ಇಲ್ಲದಿದ್ದರೆ ಅಷ್ಟು ಭಾರಕ್ಕೆ ಕಲ್ಲು ಅಲ್ಲೇ ಮುರಿಯುತ್ತಿತ್ತು ಎಂದು ಗೈಡಮ್ಮ ಹೇಳುವ ಮೊದಲೇ ಅತ್ತಿಗೆಗೆ ಅದು ಹೊಳೆದಿತ್ತು.

ಇನ್ನೊಂದು ಕಡೆ ವಿಜಯದೇವತೆ ನೈಕಿ ಒಂಟಿ ಕಾಲಲ್ಲಿ ನಿಂತು, ಬಗ್ಗಿ, ಚಪ್ಪಲಿಗೆ ಕೈ ಹಾಕಿದ್ದಾಳೆ. ಕಲ್ಲಿನಲ್ಲಿ ಕಡೆದ ಸೀರೆಯಂಥ ಆ ಬಟ್ಟೆಯ ನೆರಿಗೆ ಒದ್ದೆಯಾಗಿ ಮೈಗಂಟಿದಂತಿದೆ. ತಲೆ ಉಳಿದಿಲ್ಲ, ಆದರೂ ಅವಳ ಅವಸರ ಕಾಣುತ್ತದೆ. ಆ ದಿನ ಆ ಮ್ಯೂಸಿಯಂನಲ್ಲಿ ನನ್ನ ಭಂಗಿಯಲ್ಲೇ ಇದ್ದ ಇನ್ನೊಂದು ಜೀವ ಅದೊಂದೇ. “ಹೊಸ ಚಪ್ಪಲಿ ಕಚ್ಚಿರಬೇಕು” ಎಂದಳು ನನ್ನವಳು, ನನ್ನ ಮದುವೆ ಬೂಟಿನ ಕಡೆ ನೋಡುತ್ತ.

ಮೇಲಿನ ಮಹಡಿಯನ್ನು ಪಾರ್ಥೆನಾನ್ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ತಿರುಗಿಸಿ ಕಟ್ಟಿದ್ದಾರೆ. ಸುತ್ತ ಗಾಜಿನ ಗೋಡೆ, ಆಚೆ ಬೆಟ್ಟದ ಮೇಲೆ ಗುಡಿ. ಒಳಗೆ ಗುಡಿಯ ಸುತ್ತ ಹರಿಯುತ್ತಿದ್ದ ಮೆರವಣಿಗೆಯ ಶಿಲ್ಪಪಟ್ಟಿ. ಜೇನುಬಣ್ಣದ್ದು ಅಸಲಿ, ಸುಣ್ಣದ ಬಿಳುಪಿನದು ಲಂಡನ್ನಿನಲ್ಲಿರುವುದರ ಪ್ಲಾಸ್ಟರ್ ನಕಲು. ಬ್ರಿಟಿಷ್ ಸರ್ಕಾರ ಎಲ್ಗಿನ್‌ನಿಂದ ಅವನ್ನು ಕೊಂಡದ್ದು 1816ರಲ್ಲಿ. ಕುದುರೆಗಳು, ರಥಗಳು, ಬಲಿಯ ದನಗಳು, ಕೊಡ ಹೊತ್ತವರು, ಎಲ್ಲ ದಾಟಿ ಪೂರ್ವದ ಬಾಗಿಲ ಮೇಲಿನ ನಡುಭಾಗಕ್ಕೆ ಬಂದರೆ, ಇಡೀ ಮೆರವಣಿಗೆಯ ತುದಿಯಲ್ಲಿ ಇರುವುದೇನು? ಒಬ್ಬ ದೊಡ್ಡವನು, ಒಂದು ಮಗು, ಇಬ್ಬರ ನಡುವೆ ಒಂದು ಬಟ್ಟೆ. ಅಥೆನ್ಸಿನ ಹೆಣ್ಣುಮಕ್ಕಳು ನೇಯ್ದು ದೇವಿಗೆ ಒಪ್ಪಿಸುತ್ತಿದ್ದ ಉಡುಗೆ ಅದು ಎಂಬುದು ಹೆಚ್ಚಿನವರ ಅಭಿಪ್ರಾಯ.

“ಅವರು ಮಡಿಸುತ್ತಿದ್ದಾರೋ ಬಿಚ್ಚುತ್ತಿದ್ದಾರೋ, ಆ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ” ಎಂದೆ. ಬೆಳಗಿನಿಂದ ಉಳಿಸಿಕೊಂಡಿದ್ದ ಕೊನೆಯ ಬಾಣ.

ಹೆಂಡತಿ ಹತ್ತಿರ ಹೋಗಿ ನೋಡಿದಳು. “ಮಡಿಸ್ತಿದ್ದಾರೆ. ಮಗು ಕೈಲಿರೋ ಅಂಚು ನೋಡಿ. ಆ ವಿದ್ವಾಂಸರು ಯಾರಾದ್ರೂ ಮನೇಲಿ ಒಂದು ದಿನ ಬೆಡ್‌ಶೀಟಿನ ಆ ಕಡೆ ತುದಿ ಹಿಡಿದಿದ್ರೆ ತಾನೇ ಒಮ್ಮತ ಬರೋಕೆ?”

ಗೈಡಮ್ಮ ನಕ್ಕು, ಪಕ್ಕಕ್ಕೆ ಕೈ ತೋರಿಸಿದಳು. ಬಟ್ಟೆಯ ಆಚೆ ಈಚೆ ಹನ್ನೆರಡು ದೇವತೆಗಳು ಕೂತಿದ್ದಾರೆ. ಎಲ್ಲರಿಗೂ ಸ್ಟೂಲು. ಝ್ಯೂಸನಿಗೊಬ್ಬನಿಗೆ ಒರಗು ಕುರ್ಚಿ. ಅವನ ಹೆಂಡತಿ ಹೀರಾ ಸೆರಗು ಸರಿಸಿ ಅವನ ಕಡೆ ತಿರುಗಿದ್ದಾಳೆ. ಅವನು, ಸಕಲ ಲೋಕದ ಯಜಮಾನ, ಬಟ್ಟೆ ಮಡಿಸುವ ಕಡೆಗೆ ಬೆನ್ನು ಹಾಕಿ ಕೂತಿದ್ದಾನೆ.

ಅಕ್ಕತಂಗಿಯರು ಆ ಶಿಲ್ಪದ ಮುಂದೆ ನಿಂತಷ್ಟು ಹೊತ್ತು ಇನ್ನಾವುದರ ಮುಂದೆಯೂ ನಿಲ್ಲಲಿಲ್ಲ. ನನ್ನ ಸೊಂಟ ಅಷ್ಟು ಹೊತ್ತು ತಡೆಯಲಾರದೆ ಬೆಂಚು ಹುಡುಕಿಕೊಂಡು ಹೊರಟಿತು. ಗಾಜಿನ ಗೋಡೆಯ ಕಡೆಗೊಂದು ಇತ್ತು. ಷಡ್ಡಕರು ಆಗಲೇ ಅಲ್ಲಿ ಕೂತು, ಆಚೆಯ ಪಾರ್ಥೆನಾನನ್ನು ನೋಡುತ್ತ, ಒಂದು ಟನ್ ಚಿನ್ನಕ್ಕೆ ಇವತ್ತಿನ ದರದಲ್ಲಿ ಎಷ್ಟು ಸಾಲ ಕೊಡಬಹುದೆಂದು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದರು. ಪಕ್ಕದಲ್ಲಿ ಕೂತೆ. ಸುಖವಾಯಿತು. ಹಿಂದಿನಿಂದ ಗೈಡಮ್ಮನ ಧ್ವನಿ ಇಯರ್‌ಫೋನಿನಲ್ಲಿ ಕೇಳಿತು. “ಇವರಿಬ್ಬರು ಅಸಲಿಯೋ, ಪ್ಲಾಸ್ಟರೋ?”

“ಅಸಲಿ” ಎಂದರು ಅತ್ತಿಗೆ. “ಲಂಡನ್ನಿನವರು ಕೇಳಿದ್ರೆ ಕೊಟ್ಟುಬಿಡ್ತೀವಿ. ವಾಪಸು ಕೇಳೋದಿಲ್ಲ ಅಂತ ಬರೆದುಕೊಡ್ತೀವಿ.”

“ಒಬ್ಬರನ್ನೇ ತಗೊಂಡು ಹೋಗೋಕೆ ಬಿಡಬೇಡ ಅಕ್ಕಾ, ಇಬ್ಬರನ್ನೂ ತಗೊಳ್ಳಲಿ” ನನ್ನ ಹೆಂಡತಿಯ ಧ್ವನಿ.

ಷಡ್ಡಕರು ಮೊಬೈಲಿನಿಂದ ತಲೆಯೆತ್ತದೆ ಅನುಮೋದಿಸಿದರು. “ಹೌದೌದು, ಸೆಟ್ಟು ಒಡೀಬಾರದು. ಬೆಲೆ ಬಿದ್ದುಹೋಗುತ್ತೆ.”