ಫಾರಂ 1040ರ ಮೂವತ್ತನೇ ಸಾಲಿಗೆ ಒಂದು ಬಹಿರಂಗ ಪತ್ರ

ಇವರಿಂದ: ಒಬ್ಬ ನಿವೃತ್ತ ಪ್ರಥಮ ದರ್ಜೆ ಗುಮಾಸ್ತ, ಮೈಸೂರು.
ಇವರಿಗೆ: ಶ್ರೀಯುತ ಮೂವತ್ತನೇ ಸಾಲು, ಎರಡನೇ ಪುಟ, ಫಾರಂ 1040, ಅಮೆರಿಕ ಸಂಯುಕ್ತ ಸಂಸ್ಥಾನ.
ವಿಷಯ: ಬಾರದ ಹಣವನ್ನು ಲೆಕ್ಕ ಹಾಕಿ ಕೇಳಿ ಪಡೆಯುವ ಬಗ್ಗೆ.
ಉಲ್ಲೇಖ: ಅಳಿಯನ ವಾಟ್ಸಾಪ್ ಕರೆ, 2021ರ ಮಾರ್ಚ್ ಮೊದಲ ವಾರ, ಬೆಳಗಿನ ಜಾವ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಾನು ಮೂವತ್ನಾಲ್ಕು ವರ್ಷ ಫಾರಂಗಳ ಜೊತೆಯೇ ಸಂಸಾರ ಮಾಡಿದವನು. ಬೆಳೆ ಪರಿಹಾರ, ವಿಧವಾ ವೇತನ, ಪಹಣಿ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಹೀಗೆ ನನ್ನ ಮೇಜು ಮುಟ್ಟದೆ ಮುಂದೆ ಹೋದ ಅರ್ಜಿ ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಮುಟ್ಟಿದ ಮೇಲೆ ಮುಂದೆ ಹೋಯಿತೇ ಎಂದು ಮಾತ್ರ ಕೇಳಬೇಡಿ. ಆದ್ದರಿಂದ ಇದನ್ನು ದೂರು ಎಂದು ಭಾವಿಸಬಾರದು. ಒಬ್ಬ ಹಳೇ ಕಸುಬುದಾರ ಇನ್ನೊಬ್ಬನಿಗೆ ಹೊಡೆಯುವ ಸಲಾಮು ಇದು.

ನಮ್ಮಿಬ್ಬರ ಪರಿಚಯವಾದದ್ದು ಹೀಗೆ. ಬೆಳಗಿನ ಜಾವ ನಾಲ್ಕೂವರೆಗೆ ಫೋನು ಬಡಿದುಕೊಂಡಿತು. ಪರದೆಯಲ್ಲಿ ಅಳಿಯನ ಅರ್ಧ ಮುಖ, ಹಿಂದೆ ನ್ಯೂಜೆರ್ಸಿಯ ಅಡುಗೆಮನೆ, ಕಟ್ಟೆಯ ಮೇಲೆ ಬೋರಲು ಹಾಕಿದ ಹಾಲಿನ ಬಾಟಲಿ, ಅದರ ಪಕ್ಕ ಪ್ರಿಂಟ್ ತೆಗೆದ ತಾವು. ತಾವಿನ ಮೂಲೆ ಒದ್ದೆಯಾಗಿತ್ತು. "ಮಾವ, ಎಲ್ಲಾ ತುಂಬಾಯ್ತು. ಮೂವತ್ತನೇ ಸಾಲಲ್ಲಿ ಏನು ಬರೀಲಿ?" ಕಂಪ್ಯೂಟರಿಗೇ ಪಾಠ ಹೇಳುವ ಹುಡುಗ ತಾಲೂಕು ಕಚೇರಿಯ ಗುಮಾಸ್ತನನ್ನು ಕೇಳುತ್ತಿದ್ದಾನೆ. ನನ್ನ ಪಿಂಚಣಿ ಅವತ್ತು ಸಾರ್ಥಕವಾಯಿತು. "ಹತ್ತಿರ ಹಿಡಿ" ಅಂದೆ. ನೀವು ಕಾಣಿಸಿದಿರಿ. ರಿಕವರಿ ರಿಬೇಟ್ ಕ್ರೆಡಿಟ್ ಎಂಬ ಹೆಸರು, ಮುಂದೆ "ಸೂಚನೆಗಳನ್ನು ನೋಡಿ" ಎಂಬ ಅಪ್ಪಣೆ, ಅದರ ಮುಂದೆ ಒಂದು ಖಾಲಿ ಚೌಕ. ಪ್ರಶ್ನೆಯನ್ನೇ ಬರೆಯದೆ ಉತ್ತರಕ್ಕೆ ಜಾಗ ಬಿಟ್ಟಿದ್ದೀರಿ. ನಾವೂ ಎಷ್ಟೋ ಫಾರಂ ಮಾಡಿದ್ದೇವೆ ಸ್ವಾಮಿ, ಈ ಎತ್ತರಕ್ಕೆ ಏರಲಾಗಲಿಲ್ಲ.

ಮೈಸೂರಿನಲ್ಲಿ ಕೂತು ಟಿವಿ ನೋಡಿದ ನಮಗೆ ಅರ್ಥವಾಗಿದ್ದೇ ಬೇರೆ. 2020ರ ಮಾರ್ಚ್ 27ರಂದು ಟ್ರಂಪ್ ಸಹಿ ಹಾಕಿದ ಕೇರ್ಸ್ ಕಾಯ್ದೆಯಲ್ಲಿ ದೊಡ್ಡವರಿಗೆ 1200 ಡಾಲರ್, ಮಕ್ಕಳಿಗೆ 500. ವರ್ಷದ ಕೊನೆಗೆ ಇನ್ನೊಂದು ಕಾಯ್ದೆ, ತಲಾ 600. ಕೊರೋನಾ ಬಂತು, ಕೆಲಸ ಹೋಯಿತು, ಸರ್ಕಾರ ದುಡ್ಡು ಹಂಚಿತು ಅಂದುಕೊಂಡೆವು. ಚೆಕ್ಕಿನ ಮೇಲೆ ಅಧ್ಯಕ್ಷರ ಹೆಸರು ಬೇರೆ ಅಚ್ಚಾಗಿತ್ತಲ್ಲ, ಅದಂತೂ ನಮಗೆ ತೀರಾ ಮನೆಯ ವಾತಾವರಣ. ಆದರೆ ಕಾಯ್ದೆಯ ಕಣ್ಣಿಗೆ ಅದು ಪರಿಹಾರವೇ ಅಲ್ಲವಂತೆ. 2020ನೇ ಸಾಲಿನ ತೆರಿಗೆಯಲ್ಲಿ ಕೊಡಬೇಕಾದ ರಿಯಾಯಿತಿಯ ಮುಂಗಡವಂತೆ. ಮುಂಗಡ ಬಂದವರಿಗೆ ಬಂತು. ಬಾರದವರು ವರ್ಷ ಕಳೆಯುವವರೆಗೆ ಕಾದು, ರಿಟರ್ನ್ ತುಂಬಿ, ನಿಮ್ಮ ಚೌಕದಲ್ಲಿ ಅಂಕಿ ಬರೆದು ಕೇಳಬೇಕು. ಏಪ್ರಿಲ್‌ನಲ್ಲಿ ಹಸಿದವನು ಮುಂದಿನ ಫೆಬ್ರುವರಿಗೆ ಎಲೆ ಹಾಕಿಸಿಕೊಳ್ಳಲಿ ಎಂಬ ಏರ್ಪಾಡು.

ಇನ್ನು ನಮ್ಮ ಮನೆಯ ಲೆಕ್ಕ. ಅಳಿಯನದು ದುಡಿಯುವವರ ವೀಸಾ, ಎಚ್-1ಬಿ, ಅವನ ಹತ್ತಿರ ಸೋಶಿಯಲ್ ಸೆಕ್ಯುರಿಟಿ ನಂಬರ್ ಇದೆ. ಮಗಳದು ಅವನ ಹೆಂಡತಿಯೆಂದು ಸಿಕ್ಕ ವೀಸಾ, ಎಚ್-4. ಅಲ್ಲಿ ದುಡಿಯುವ ಪರವಾನಗಿ ಇಲ್ಲದವಳಿಗೆ ಆ ನಂಬರ್ ಸಿಗುವುದಿಲ್ಲ, ಐಟಿಐಎನ್ ಎಂಬ ಇನ್ನೊಂದು ನಂಬರ್ ಕೊಡುತ್ತಾರೆ. ಅದು ಹುಟ್ಟಿರುವುದೇ ತೆರಿಗೆಯ ಕಾಗದಕ್ಕಾಗಿ. ಗಂಡ ಹೆಂಡತಿ ಸೇರಿ ಜಂಟಿ ರಿಟರ್ನ್ ಹಾಕಿದ್ದರು. ಮೊದಲ ಕಾಯ್ದೆ ಏನೆಂದಿತು ಗೊತ್ತೇ? ಜಂಟಿಯಲ್ಲಿ ಒಬ್ಬರದ್ದು ಐಟಿಐಎನ್ ಆಗಿದ್ದರೆ ಇಬ್ಬರಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಸೈನಿಕರ ಕುಟುಂಬಕ್ಕೆ ಮಾತ್ರ ವಿನಾಯಿತಿ. ಎಡಿಸನ್‌ನಿಂದ ಸನಿವೇಲ್‌ವರೆಗೆ ನಮ್ಮವರ ಎಷ್ಟೋ ಮನೆಗಳಲ್ಲಿ, ತಾಳಿ ಕಟ್ಟಿಸಿಕೊಂಡ ತಪ್ಪಿಗೆ ಹೆಂಡತಿ, ಕಟ್ಟಿದ ತಪ್ಪಿಗೆ ಗಂಡ, ಇಬ್ಬರೂ ಅನರ್ಹರಾದರು. ಡಿಸೆಂಬರ್‌ನ ಕಾಯ್ದೆ ಕೊಂಚ ಕರಗಿತು. ನಂಬರ್ ಇದ್ದವನಿಗೂ ನಂಬರ್ ಇರುವ ಮಕ್ಕಳಿಗೂ ಕೊಡೋಣ, ಹಿಂದಿನದನ್ನೂ ಕೊಡೋಣ ಎಂದಿತು. ಹೇಗೆ ಕೊಡುವುದು? ಮೂವತ್ತನೇ ಸಾಲಿನಲ್ಲಿ ಕೇಳಲಿ.

ಕೇಳಿದೆವು. ಪಹಣಿ ಹಾಳೆಯ ಹಿಂಬದಿಯಲ್ಲಿ ನಾನು ಕೂಡಿದ್ದು ಹೀಗೆ: ಅಳಿಯನಿಗೆ ಮೊದಲ ಕಂತು 1200, ಎರಡನೆಯದು 600. ಮೊಮ್ಮಗ ಹುಟ್ಟಿದ್ದು 2020ರ ಸೆಪ್ಟೆಂಬರ್, ಅಲ್ಲೇ, ಹುಟ್ಟುತ್ತಲೇ ಪ್ರಜೆ, ಹುಟ್ಟುತ್ತಲೇ ನಂಬರ್. ಅವನಿಗೆ 500, ಮತ್ತೆ 600. ಒಟ್ಟು 2900. ಜನವರಿಯಲ್ಲಿ ಅಳಿಯನ ಖಾತೆಗೆ 600 ಬಂದು ಬಿದ್ದಿದೆ, ಅದನ್ನು ಕಳೆ. ಮೂವತ್ತನೇ ಸಾಲಿಗೆ 2300. ಮಗಳದ್ದು? ಸೊನ್ನೆ. ಒಂಬತ್ತು ತಿಂಗಳು ಹೊತ್ತು ಹೆತ್ತವಳಿಗೆ ಸೊನ್ನೆ, ಆರು ತಿಂಗಳಿಂದ ಹಾಲು ಕುಡಿಯುತ್ತಿರುವವನಿಗೆ 1100. ಎರಡು ಸಲ ಕೂಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮಗಳು ಪರದೆಯ ಅಂಚಿನಲ್ಲಿ ಬಂದು, "ಅಪ್ಪ, ನನ್ನದೆಷ್ಟು?" ಅಂದಳು. ನಾನು ಸಿಗ್ನಲ್ ಸರಿಯಿಲ್ಲ ಅಂದೆ.

ನಮ್ಮದು ಕೂಡುವ ಕಳೆಯುವ ಸಂಬಳದವರ ಮನೆ, ಹೇಗೋ ಆಯಿತು. ಆದರೆ ನಿಮ್ಮ ಬಾಗಿಲಿಗೆ ಬರಲೇಬೇಕಾದವನು ಯಾರು ಎಂದು ಯೋಚಿಸಿದ್ದೀರಾ? ಆ ವರ್ಷ ಒಂಟಿ ಮನುಷ್ಯನ ಆದಾಯ 12,400 ಡಾಲರ್ ದಾಟದಿದ್ದರೆ ಸಾಮಾನ್ಯವಾಗಿ ಅವನು ರಿಟರ್ನ್ ಹಾಕಬೇಕಾಗಿಯೇ ಇರಲಿಲ್ಲ. ಅಂದರೆ ತೀರಾ ಬಡವನಿಗೂ ನಿಮಗೂ ಮುಖಪರಿಚಯವೇ ಇಲ್ಲ. ಸೇತುವೆ ಕೆಳಗೆ ಮಲಗುವವನ ವಿಳಾಸದ ಕಾಲಂನಲ್ಲಿ ಏನು ಬರೆಯುವುದು? ಅಂಥವರಿಗಾಗಿ ಅಂತರ್ಜಾಲದಲ್ಲಿ ಒಂದು ಪ್ರತ್ಯೇಕ ಕಿಂಡಿ ತೆರೆದಿದ್ದರು. 2020ರ ನವೆಂಬರ್ 21ಕ್ಕೆ ಅದನ್ನು ಮುಚ್ಚಿದರು. ಆಮೇಲೆ ತೆರಿಗೆ ಕಟ್ಟದವನು ಪರಿಹಾರ ಪಡೆಯಲು ತೆರಿಗೆಯ ಫಾರಂ ತುಂಬಬೇಕಾಯಿತು.

ಇದಕ್ಕಿಂತ ಸತ್ತವರೇ ಸುಖವಾಗಿದ್ದರು. ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಬರೆದಿದೆ: 2020ರ ಏಪ್ರಿಲ್ ಕೊನೆಯ ಹೊತ್ತಿಗೆ ತೀರಿಕೊಂಡವರ ಹೆಸರಿಗೆ ಸುಮಾರು 11 ಲಕ್ಷ ಪಾವತಿ, ಹತ್ತಿರ ಹತ್ತಿರ 140 ಕೋಟಿ ಡಾಲರ್. ಅರ್ಜಿಯಿಲ್ಲ, ಸಹಿಯಿಲ್ಲ, ಮೂವತ್ತನೇ ಸಾಲಿಲ್ಲ. ನಾನು ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬೆರಳೊತ್ತಿ ಬದುಕಿದ್ದೇನೆಂದು ಸಾಬೀತು ಮಾಡಿ ಬರುವವನು. ಈ ಸುದ್ದಿ ಓದಿದ ದಿನ ಬದುಕಿನ ಬಗ್ಗೆಯೇ ಸ್ವಲ್ಪ ಜಿಗುಪ್ಸೆಯಾಯಿತು. ಬದುಕಿದ್ದವರಲ್ಲಿ ಸುಮಾರು 40 ಲಕ್ಷ ಜನಕ್ಕೆ ಡೆಬಿಟ್ ಕಾರ್ಡನ್ನು ಗುರುತು ಪರಿಚಯವಿಲ್ಲದ ಸಾದಾ ಲಕೋಟೆಯಲ್ಲಿ ಕಳಿಸಿದ್ದರಂತೆ. ಜಾಹೀರಾತು ಎಂದುಕೊಂಡು ಕಸಕ್ಕೆ ಎಸೆದವರೂ ಇದ್ದರು.

ಈಗ ನಿಮ್ಮ ಕಸುಬಿನ ನಿಜವಾದ ಸೊಗಸಿಗೆ ಬರುತ್ತೇನೆ. ನೀವು ಕೇಳುವ ಅಂಕಿ ನಿಮ್ಮ ಇಲಾಖೆಗೆ ಮೊದಲೇ ಗೊತ್ತು. ಯಾರಿಗೆ ಎಷ್ಟು ಕಳಿಸಿದೆ ಎಂಬ ದಾಖಲೆ ಅದರ ಕಂಪ್ಯೂಟರಿನಲ್ಲೇ ಇದೆ. ಆದರೂ ಕೇಳುತ್ತೀರಿ. ತಪ್ಪು ಬರೆದರೆ ತಿದ್ದಿ ನೋಟೀಸು ಕಳಿಸುತ್ತೀರಿ. ಉತ್ತರ ಬಾಯಲ್ಲಿಟ್ಟುಕೊಂಡು ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವ ಮಗ್ಗಿ ಮೇಷ್ಟರು ನಮ್ಮೂರಲ್ಲೂ ಇದ್ದರು. 2021ರಲ್ಲಿ ಹೋದ ಅಂಥ ಲಕ್ಷಾಂತರ ನೋಟೀಸುಗಳಲ್ಲಿ, "60 ದಿನದೊಳಗೆ ಆಕ್ಷೇಪಿಸಬಹುದು" ಎಂಬ ಮಾತೇ ಬಿಟ್ಟುಹೋಗಿತ್ತು. ಆ ಮಾತನ್ನು ಹೇಳಲು ಆಮೇಲೆ ಬೇರೆ ಕಾಗದ ಕಳಿಸಬೇಕಾಯಿತು. ಫೋನು ಮಾಡಿ ಕೇಳೋಣವೆಂದರೆ, ಆ ಆರ್ಥಿಕ ವರ್ಷ ಬಂದ ಕರೆಗಳು 28 ಕೋಟಿ 20 ಲಕ್ಷ, ಸಿಬ್ಬಂದಿ ಎತ್ತಿದ್ದು ಅದರಲ್ಲಿ ಶೇ 11. ನನ್ನ ಸೇವಾವಧಿಯಲ್ಲಿ ನಮ್ಮ ಕಚೇರಿಯ ಕಪ್ಪು ಫೋನಿನ ಸಾಧನೆಯೂ ಹೆಚ್ಚುಕಡಿಮೆ ಇಷ್ಟೇ. ಭಾರತ ಅಮೆರಿಕ ಸ್ನೇಹದ ಬಗ್ಗೆ ಭಾಷಣ ಮಾಡುವವರು ಇಂಥ ವಿಷಯಗಳನ್ನು ಎತ್ತುವುದೇ ಇಲ್ಲ.

ನಮ್ಮಲ್ಲಿ ಹೇಗೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 2020ರ ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರ್ಕಾರ ಆಟೋ, ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಅಗಸರಿಗೆ ತಲಾ 5000 ರೂಪಾಯಿ ಎಂದು ಘೋಷಿಸಿತು. ಆಟೋದವರು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿದರು. ನಮ್ಮ ಬೀದಿ ತುದಿಯ ಸ್ಟ್ಯಾಂಡಿನ ಹುಡುಗರಿಗೆ ನಾನೇ ಕನ್ನಡಕ ಏರಿಸಿ ತುಂಬಿಕೊಟ್ಟೆ. ತೆರಿಗೆಯ ಸುದ್ದಿಯೇ ಅಲ್ಲಿ ಬರಲಿಲ್ಲ. ಆದರೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಶುರುವಾದ ಗೃಹಲಕ್ಷ್ಮಿಯಲ್ಲಿ ನಿಮ್ಮ ಸಂಬಂಧಿಕರೊಬ್ಬರು ಕೂತಿದ್ದಾರೆ. ಮನೆ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಅವಳಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಇಲ್ಲ. ಉಳ್ಳವರನ್ನು ದೂರ ಇಡಬೇಕು, ಒಪ್ಪಿದೆ. ಆದರೆ ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು ಒಂದು ಸಂಜೆ ಬಂದು ಕೇಳಿದಳು: "ಸಾರ್, ಗಾಡಿ ಸಾಲಕ್ಕೆ ಇವರು ರಿಟರ್ನ್ ಹಾಕ್ಬೇಕಂತೆ. ಹಾಕಿದ್ರೆ ನನ್ನ ಎರಡು ಸಾವಿರ ಹೋಗುತ್ತಾ?" ತೆರಿಗೆ ಕಟ್ಟುವುದು ಬೇರೆ, ರಿಟರ್ನ್ ಹಾಕುವುದು ಬೇರೆ ಎಂದು ಅರ್ಧ ಗಂಟೆ ವಿವರಿಸಿದೆ. ತಲೆಯಾಡಿಸಿದಳು. ರಿಟರ್ನ್ ಹಾಕಲಿಲ್ಲ. ಅಲ್ಲಿ ಬಡವ ರಿಟರ್ನ್ ಹಾಕದೆ ಕಳೆದುಕೊಂಡ, ಇಲ್ಲಿ ಹಾಕಿದರೆ ಕಳೆದುಕೊಂಡೇನೆಂದು ಹೆದರುತ್ತಾನೆ. ಎರಡು ಕಡೆಯೂ ಕಾಗದ ಮಾತ್ರ ಗಟ್ಟಿಮುಟ್ಟಾಗಿದೆ.

ಕೊನೆಗೊಂದು ವಿಚಾರ, ತಾವು ಕೋಪಿಸಿಕೊಳ್ಳಬಾರದು. 2021ರ ಫಾರಂನಲ್ಲೂ ತಾವೇ ಅದೇ ಜಾಗದಲ್ಲಿ ಕೂತಿದ್ದಿರಿ, ತಲಾ 1400 ಡಾಲರಿನ ಮೂರನೇ ಕಂತಿಗಾಗಿ. (ಮಗಳಿಗೆ ಆಗಲೂ ಸೊನ್ನೆ.) ತುಂಬ ಜನ ರಿಟರ್ನ್ ಹಾಕಿಯೂ ನಿಮ್ಮ ಚೌಕವನ್ನು ಖಾಲಿ ಬಿಟ್ಟರು, ಇಲ್ಲವೇ ಸೊನ್ನೆ ಬರೆದರು. 2024ರ ಡಿಸೆಂಬರ್‌ನಲ್ಲಿ ನಿಮ್ಮ ಇಲಾಖೆ ಏನು ಮಾಡಿತು? ಅರ್ಹರಾಗಿದ್ದೂ ಕೇಳದ ಸುಮಾರು 10 ಲಕ್ಷ ಮಂದಿಗೆ, ಒಟ್ಟು ಸುಮಾರು 240 ಕೋಟಿ ಡಾಲರನ್ನು ತಾನೇ ಕಳಿಸುವುದಾಗಿ ಪ್ರಕಟಿಸಿತು. ನೀವು ಏನನ್ನೂ ತುಂಬಬೇಕಾಗಿಲ್ಲ ಎಂದಿತು. ಅಂದರೆ ನಿಮ್ಮ ಚೌಕವಿಲ್ಲದೆಯೂ ಲೆಕ್ಕ ಹಾಕಲು ಬರುತ್ತಿತ್ತು. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಅವತ್ತೇ ಸ್ವಯಂ ನಿವೃತ್ತಿಗೆ ಅರ್ಜಿ ಕೊಡುತ್ತಿದ್ದೆ. ಆ ಕೃಪೆಯೂ ರಿಟರ್ನ್ ಹಾಕಿದ್ದವರಿಗೆ ಮಾತ್ರ. ಹಾಕದಿದ್ದವರಿಗೆ 2025ರ ಏಪ್ರಿಲ್ 15 ಕೊನೆಯ ದಿನವಾಗಿತ್ತು. ಅದು ಕಳೆಯಿತು. ಸೇತುವೆ ಕೆಳಗಿನವನ ಹಣ ಖಜಾನೆಯಲ್ಲೇ ಉಳಿಯಿತು.

2022ರ ಫಾರಂ ತುಂಬುವಾಗ ಅಳಿಯ ಮತ್ತೆ ಕ್ಯಾಮೆರಾ ಹತ್ತಿರ ಹಿಡಿದ. ನಿಮ್ಮ ಹೆಸರು ಹೋಗಿತ್ತು. ಸಂಖ್ಯೆ ಮಾತ್ರ ಇತ್ತು, ಎದುರಿಗೆ "ಮುಂದಿನ ಉಪಯೋಗಕ್ಕಾಗಿ ಕಾಯ್ದಿರಿಸಿದೆ" ಎಂದು ಬರೆದಿತ್ತು. ನಮ್ಮಲ್ಲಿ ಇದಕ್ಕೆ ಸ್ಥಳ ನಿರೀಕ್ಷಣೆ ಎನ್ನುತ್ತೇವೆ, ಕುರ್ಚಿ ಇದೆ, ಕೆಲಸ ಇಲ್ಲ. ನಿಮಗೆ ಮತ್ತೆ ಇಂಥದೇ ಹುದ್ದೆ ತೋರಿಸಿದ ದಿನ ದಯವಿಟ್ಟು ಇಷ್ಟು ಮಾಡಿ: ಗೊತ್ತಿರುವ ಅಂಕಿಯನ್ನು ಮೊದಲೇ ಬರೆದು ಕಳಿಸಿ, ಸರಿಯೋ ತಪ್ಪೋ ಎಂದು ಮಾತ್ರ ಜನರನ್ನು ಕೇಳಿ. ಸೂಕ್ತ ಕ್ರಮಕ್ಕಾಗಿ ಈ ಮೂಲಕ ಕೋರಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ

ಲಗತ್ತು: ಪಹಣಿ ಹಾಳೆಯ ಹಿಂಬದಿಯ ಲೆಕ್ಕ, ಒಂದು ಪುಟ.
ಪ್ರತಿ: ಮಗಳಿಗೆ, ಮಾಹಿತಿಗಾಗಿ. ಅವತ್ತು ಸಿಗ್ನಲ್ ಸರಿಯಾಗಿಯೇ ಇತ್ತು.